ಪಿಕಳಾರ: ಒಂದೇ ಕುಲ, ಎರಡು ಭವಿಷ್ಯ

ಚಿಕ್ಕಬಳ್ಳಾಪುರ: ಪಿಕಳಾರ ಎಂದರೆ ಬೆಂಗಳೂರಿನ ಕೈತೋಟಗಳಲ್ಲೂ ಕಾಣಸಿಗುವ ಸಾಮಾನ್ಯ ಹಕ್ಕಿ. ಅದೇ ಕುಲದ ಒಂದು ಪ್ರಭೇದ ನಂದಿಬೆಟ್ಟದ ಬಂಡೆಗಳ ನಡುವೆ ಅಳಿವಿನ ಭೀತಿ ಎದುರಿಸುತ್ತಿದೆ ಎಂದರೆ ನಂಬುವುದು ಕಷ್ಟ.

ಹಳದಿ ಕೊರಳಿನ ಪಿಕಳಾರ ಮತ್ತು ಬಿಳಿ ಹುಬ್ಬಿನ ಪಿಕಳಾರ ಹತ್ತಿರದ ಸಂಬಂಧಿಗಳು. ಎರಡೂ ಸುಮಾರು 20 ಸೆಂ.ಮೀ. ಉದ್ದ, ಎರಡಕ್ಕೂ ಹಣ್ಣು, ಕೀಟಗಳೇ ಆಹಾರ, ಎರಡೂ ಕುರುಚಲು ಪ್ರದೇಶದ ವಾಸಿಗಳು. ಆದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಮೊದಲನೆಯದು ಅಪಾಯದಂಚಿನ ವರ್ಗದಲ್ಲಿದ್ದರೆ, ಎರಡನೆಯದರ ಬಗ್ಗೆ ಆತಂಕವೇ ಇಲ್ಲ.

ವ್ಯತ್ಯಾಸಕ್ಕೆ ಕಾರಣ ನೆಲೆ. ಬಿಳಿ ಹುಬ್ಬಿನದು ಬಯಲಿನ ಪೊದೆ, ಬೇಲಿ, ತೋಟ ಎಲ್ಲಿಗಾದರೂ ಹೊಂದಿಕೊಳ್ಳುತ್ತದೆ, ಶ್ರೀಲಂಕಾದಲ್ಲೂ ಇದೆ. ಹಳದಿ ಕೊರಳಿನದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ಬೇಕಾದದ್ದು ಹೆಬ್ಬಂಡೆ ಮತ್ತು ಕುರುಚಲು ಕಾಡು ಕೂಡಿದ ಇಳಿಜಾರು. ಅಂಥ ಬೆಟ್ಟಗಳು ಬಯಲಿನ ನಡುವಿನ ದ್ವೀಪಗಳಂತೆ. ಒಂದು ಬೆಟ್ಟ ಕರಗಿದರೆ ಪಕ್ಕದ ಹೊಲಕ್ಕೆ ಇಳಿದು ಬದುಕುವ ಹಕ್ಕಿ ಇದಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೇರಿದಂತೆ ಎಲ್ಲೆಡೆ ಗ್ರಾನೈಟ್ ಬೆಟ್ಟಗಳಿವೆ. ಕಂದಾಯ ದಾಖಲೆಯ ಭಾಷೆಯಲ್ಲಿ ಕಲ್ಲುನೆಲವೆಂದರೆ ‘ಖರಾಬು’. ಈ ಒಂದು ಪದ ಮಾಡಿರುವ ಹಾನಿ ಸಣ್ಣದಲ್ಲ. ಉಪಯೋಗವಿಲ್ಲದ ನೆಲವೆಂದ ಮೇಲೆ ಕ್ವಾರಿಗೆ ಕೊಡಲು, ಕುರುಚಲು ಸವರಿ ನೀಲಗಿರಿ ನೆಡಲು ಅಡ್ಡಿಯೇನು?

2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಮೃತಪಟ್ಟಾಗ ಗಣಿಗಾರಿಕೆ ರಾಜ್ಯದ ಗಮನ ಸೆಳೆಯಿತು. ಚರ್ಚೆ ಸ್ಫೋಟಕಗಳ ಸಂಗ್ರಹ, ಪರವಾನಗಿಗಳ ಸುತ್ತ ತಿರುಗಿದ್ದು ಸಹಜವೇ. ಆದರೆ ಸಕ್ರಮ ಕ್ವಾರಿಯೂ ಬೆಟ್ಟವನ್ನು ಅಷ್ಟೇ ಪೂರ್ಣವಾಗಿ ನುಂಗುತ್ತದೆ ಎಂಬ ಮಾತು ಹಿಂದೆ ಸರಿಯಿತು.

ಹಕ್ಕಿಗಾದರೂ ಪಟ್ಟಿಯಲ್ಲೊಂದು ಸ್ಥಾನವಿದೆ. ಬಂಡೆಗಂಟಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಕಲ್ಲುಹೂವಿನ ಬಳಗಕ್ಕೆ ಆ ಭಾಗ್ಯವೂ ದೂರ. ಜಗತ್ತಿನ ಕಲ್ಲುಹೂಗಳಲ್ಲಿ ಕೆಂಪು ಪಟ್ಟಿಯ ಪರಿಶೀಲನೆಗೆ ಒಳಪಟ್ಟವು ತೀರಾ ಕಡಿಮೆ. ಮಸಾಲೆ ಡಬ್ಬಿಯಲ್ಲಷ್ಟೇ ಅದರ ಪರಿಚಯ.

1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ರೋಪ್‌ವೇ ನಿರ್ಮಿಸಲು 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. ವಾಹನ ದಟ್ಟಣೆ ತಗ್ಗಿದರೆ ಬೆಟ್ಟಕ್ಕೂ ಲಾಭವೇ. ಆದರೆ ಕಂಬಗಳು ಏಳಬೇಕಾದದ್ದು ಇಳಿಜಾರಿನಲ್ಲಿ. ಯಾವ ಇಳಿಜಾರಿನಲ್ಲಿ ಈ ಪಿಕಳಾರ ಗೂಡು ಕಟ್ಟುತ್ತದೆ ಎಂಬ ಸಮೀಕ್ಷೆ ಕಂಬದ ಗುಂಡಿ ತೋಡುವ ಮೊದಲೇ ಆಗಬೇಕು. ನಂತರದ ಎಣಿಕೆಯಿಂದ ಪ್ರಯೋಜನವಿಲ್ಲ.