ಸ್ನೇಹಿತರ ಪಟ್ಟಿಯೂ ನ್ಯಾಸವೇ

ಯಾದಗಿರಿ, ಶಹಾಪುರ, ಸುರಪುರಗಳ ಯಾವ ವರ್ತಕನೂ ತನ್ನ ಖಾತೆಪುಸ್ತಕವನ್ನು ಪರರ ಮುಂದೆ ಬಿಚ್ಚಿಡಲಾರನು. ಯಾರೊಡನೆ ಯಾರ ವ್ಯವಹಾರವೆಂಬುದನ್ನು ಕಾಯುವುದೇ ಅಂಗಡಿಯ ಮರ್ಯಾದೆ. ಆದರೆ ಅದೇ ಮನೆಯ ಫೇಸ್‌ಬುಕ್ ಸ್ನೇಹಿತರ ಪಟ್ಟಿ ಲೋಕಕ್ಕೆಲ್ಲ ತೆರೆದಿದ್ದರೂ ಯಾರಿಗೂ ಸಂಕೋಚವಿಲ್ಲ!

“ಬಚ್ಚಿಡಲು ನಮ್ಮಲ್ಲೇನಿದೆ?” ಎಂಬ ವಾದವುಂಟು. ಈ ವಾದ ಟೊಳ್ಳು. ಪಟ್ಟಿ ಒಬ್ಬರದು, ಅದರೊಳಗಿನ ಹೆಸರುಗಳು ಅನ್ಯರವು. ಅವರ ಒಪ್ಪಿಗೆ ಕೇಳಿದವರಾರು? ನಕಲಿ ಖಾತೆ ತೆರೆದು ಬಂಧುಮಿತ್ರರಲ್ಲಿ ಹಣ ಬೇಡುವ ವಂಚಕನಿಗೆ ಇಂಥ ಪಟ್ಟಿಯೇ ಬಂಡವಾಳ. 2010ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ ‘ಬಜ್’ ಸೇವೆಯಲ್ಲಿ, ಬಳಕೆದಾರರು ಯಾರೊಡನೆ ಹೆಚ್ಚು ಪತ್ರವ್ಯವಹಾರ ನಡೆಸುವರೆಂಬುದೇ ಬಯಲಾಗುವಂತಿತ್ತು. ಪ್ರತಿಭಟನೆ ಎದ್ದಿತು, 2011ರಲ್ಲಿ ಆ ಸೇವೆ ನಿಂತುಹೋಯಿತು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಪರರ ಗುಟ್ಟನ್ನು ಹೊರಗೆಡಹುವುದು ಮೊದಲನೆಯದು. ನಂಬಿ ಇರಿಸಿದ್ದನ್ನು ಅಪಹರಿಸುವುದು ಎರಡನೆಯದು. ನಂಬಿ ಕೊಟ್ಟ ಹೆಸರು, ದೂರವಾಣಿ ಸಂಖ್ಯೆಗಳೂ ನ್ಯಾಸವಲ್ಲವೇ?

ಫೇಸ್‌ಬುಕ್ಕಿನಲ್ಲಿ ಪಟ್ಟಿಯನ್ನು ಮರೆಮಾಡಲು ಕ್ಷಣ ಸಾಕು. ಆದರೆ ಒಬ್ಬರು ಮರೆಮಾಡಿದರೆ ಸಾಲದು. ಇನ್ನೊಬ್ಬರ ತೆರೆದ ಪಟ್ಟಿಯಲ್ಲಿ ಅದೇ ಸ್ನೇಹ ಕಾಣುತ್ತದೆ. ಆದುದರಿಂದ ಇದು ಇಡೀ ಸಮಾಜದ ಕರ್ತವ್ಯ. ಬಸದಿಯ ಟ್ರಸ್ಟುಗಳೂ ಒಪ್ಪಿಗೆಯಿಲ್ಲದೆ ಯಾರನ್ನೂ, ವಿಶೇಷವಾಗಿ ಹೆಣ್ಣುಮಕ್ಕಳನ್ನು, ವಾಟ್ಸಾಪ್ ಗುಂಪಿಗೆ ಸೇರಿಸಬಾರದು. ಪೂಜೆ, ಪರ್ವಗಳ ಸೂಚನೆಗೆ ಬ್ರಾಡ್‌ಕಾಸ್ಟ್ ಪಟ್ಟಿ ಸಾಕು. ಅದರಲ್ಲಿ ಒಬ್ಬರ ಸಂಖ್ಯೆ ಮತ್ತೊಬ್ಬರಿಗೆ ಕಾಣದು.

ಸೂಕ್ಷ್ಮಜೀವಿಗೂ ನೋವಾಗದಿರಲೆಂದು ನೀರನ್ನು ಸೋಸಿ ಕುಡಿಯುವವರು, ಪರರ ಹೆಸರನ್ನು ಸೋಸದೆ ಬೀದಿಗೆ ಚೆಲ್ಲುವುದು ತರವಲ್ಲ.