ಬಾಲಿಕೆಯರ ಪ್ರೌಢಶಾಲೆಯ ಆಯ್ಕೆ: ಒಂದು ವಿಚಾರ

ಮೇ ತಿಂಗಳು ಬಂದಿತೆಂದರೆ, ಸುಮಾರು 25 ಕಿ.ಮೀ. ದೂರದ ಖಾನಾಪುರದ ಕಡೆಯಿಂದ ಪಾಲಕರು ಹೆಣ್ಣುಮಕ್ಕಳ ಅಂಕಪಟ್ಟಿ ಹಿಡಿದು ಬೆಳಗಾವಿಗೆ ಬರುತ್ತಾರೆ. ‘ಶೇಕಡಾ 100 ಫಲಿತಾಂಶ’ವೆಂಬ ಫಲಕವಿರುವಲ್ಲಿಗೇ ಅವರ ಹೆಜ್ಜೆ ಮೊದಲು. ಪ್ರವೇಶಕ್ಕಾಗಿ ಮಕ್ಕಳನ್ನು ಪರೀಕ್ಷಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದೆಯಾದರೂ ಅದರ ವ್ಯಾಪ್ತಿ 8ನೆಯ ತರಗತಿಗೆ ಮುಗಿಯುತ್ತದೆ.

ಈಚೆಗೆ ರೈತರೊಬ್ಬರು 9ನೆಯ ತರಗತಿಗೆ ಸೇರಬೇಕಾದ ಮಗಳೊಡನೆ ನನ್ನಲ್ಲಿಗೆ ಬಂದರು. ಅವರ ಮನೆಮಾತು ಮರಾಠಿ. ಕನ್ನಡದಲ್ಲಿ ಅಂಕ ಕಡಿಮೆಯೆಂದು ಹೆಸರಾಂತ ಶಾಲೆಯೊಂದು ಹುಡುಗಿಯನ್ನು ತಿರುಗಿ ಕಳುಹಿಸಿತ್ತು. “ಗುರುಗಳ, ಇನ್ನ ಮನ್ಯಾಗ ಇಟ್ಕೊಳ್ಳೂದ ಬರೋಬರಿ ಅನಸ್ತೈತ್ರಿ” ಎಂದರು ತಂದೆ. ಕನ್ನಡ ಕಲಿಸುವುದೇ ವೃತ್ತಿಯಾದ ನನಗೆ ನಾಚಿಕೆಯೆನಿಸಿತು. ಬಾರದವರನ್ನು ಹೊರಗಿಟ್ಟ ಮೇಲೆ ನಾವು ಕಲಿಸುವುದಾದರೂ ಯಾರಿಗೆ? ಈಜಬಲ್ಲವರನ್ನೇ ಆಯ್ದು ಹೊಳೆ ದಾಟಿಸಿದ ಅಂಬಿಗನ ಹೆಗ್ಗಳಿಕೆ ಏನು? ಎಲ್ಲರನ್ನೂ ಬರಮಾಡಿಕೊಳ್ಳುವ ಖಾಸಗಿ ಬಾಲಿಕಾ ಶಾಲೆಗೆ ಸೇರಿಸಿರೆಂದೆ.

ಹಾಗೆಂದು ಬಾಗಿಲು ತೆರೆದ ಶಾಲೆಗಳೆಲ್ಲ ಉತ್ತಮವೆನ್ನಲಾಗದು. ಪಾಲಕರು ಕೇಳಬೇಕು: 8ನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಜನ 10ನೆಯ ತರಗತಿಯವರೆಗೆ ಉಳಿದರು? ಹಿಂದುಳಿದವರಿಗೆ ಪ್ರತ್ಯೇಕ ಪಾಠವುಂಟೆ? ಸಂಜೆಯ ಬಸ್ಸಿಗೆ ಹೊಂದುವಂತೆ ಶಾಲೆ ಬಿಡುವುದೆ? 2023ರ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ನೀಗಿತು. ಮಳೆಗಾಲದಲ್ಲಿ ಕತ್ತಲಾಗುವ ಮುನ್ನ ಮಗಳು ಮನೆ ಸೇರಬೇಕೆಂಬ ಚಿಂತೆ ನೀಗಿಲ್ಲ.

ದಾನಿಗಳೂ ಶಿಕ್ಷಕ ಬಂಧುಗಳೂ ಫಲಿತಾಂಶದೊಡನೆ ಪ್ರವೇಶದ ಪುಸ್ತಕವನ್ನೂ ನೋಡಬೇಕೆಂದು ನನ್ನ ವಿನಂತಿ. ಬಾಗಿಲಿನಿಂದಲೇ ಹಿಂದಿರುಗಿದ ಹುಡುಗಿ ಯಾವ ಶಾಲೆಯ ಫಲಿತಾಂಶದಲ್ಲಿಯೂ ಅನುತ್ತೀರ್ಣಳಾಗಿ ಕಾಣುವುದಿಲ್ಲ.