ದಿನಕ್ಕೊಮ್ಮೆ ಕೇಳಿ



ಹಿರಿಯರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು. ಅದರಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು ಮಾತ್ರವಲ್ಲ, ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರಿದ್ದಾರೆ. ಅಂದರೆ ನೀವೂ!

ಆದರೆ ಕಾನೂನು ಅನ್ನ, ಔಷಧ ಕೊಡಿಸಬಹುದು, ಮಾತು ಕೊಡಿಸಲಾರದು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ನೌಕರಿ ಹಿಡಿದು ಮೇಲೆ ಬಂದವರು ನಮ್ಮ ಎಷ್ಟೋ ಹಿರಿಯರು. ಚಾಳಿನಲ್ಲಿದ್ದಾಗ ಬಾಗಿಲು ತೆರೆದರೆ ಮಾತಿಗೆ ಜನ ಸಿಗುತ್ತಿದ್ದರು. ಈಗ ಫ್ಲ್ಯಾಟಿನ ಮುಚ್ಚಿದ ಬಾಗಿಲೊಳಗೆ ಸಂಜೆಯ ತನಕ ಟಿ.ವಿ.ಯೇ ಗತಿ.

ನಿವೃತ್ತ ಸರಕಾರಿ ನೌಕರರು ಪಿಂಚಣಿಗಾಗಿ ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಮೊದಲೆಲ್ಲ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಿತ್ತು. 2021ರಿಂದ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು. ಎರಡು ನಿಮಿಷದಲ್ಲಿ ನೀವೇ ಮುಗಿಸಿ ಎದ್ದುಹೋಗಬೇಡಿ. ಪಕ್ಕದಲ್ಲಿ ಕುಳಿತು ಅಜ್ಜನ ಕೈಯಿಂದಲೇ ಮಾಡಿಸಿ. ಆಮೇಲೆ ಅವರ ರಾತ್ರಿಶಾಲೆಯ ಕಥೆ ಕೇಳಿ. ನಿಮ್ಮ ಕನ್ನಡ ತಡವರಿಸಿದರೂ ಚಿಂತೆಯಿಲ್ಲ. ತಿದ್ದುವ ಮೇಷ್ಟ್ರು ಮನೆಯಲ್ಲೇ ಇದ್ದಾರೆ.

ಬದುಕಿದ್ದೀರಾ ಎಂದು ಸರಕಾರ ವರ್ಷಕ್ಕೊಮ್ಮೆ ಕೇಳುತ್ತದೆ. ‘ಹೇಗಿದ್ದೀರಿ ಅಜ್ಜಾ?’ ಎಂದು ನೀವು ದಿನಕ್ಕೊಮ್ಮೆ ಕೇಳಬಾರದೇ?